ಅತ್ತೆಗೆ ಹೇಳಿದ ಸಿನಿಮಾ

ಹೊನವಾಡದಿಂದ ಬಂದ ಒಣದ್ರಾಕ್ಷಿಯ ಡಬ್ಬಿಯ ಮುಚ್ಚಳ ತೆಗೆದರೆ ನಿಮಗೆ ಪಾಯಸ ನೆನಪಾದೀತು. ನನಗೆ ಸಿನಿಮಾ ನೆನಪಾಗುತ್ತದೆ. ನಗಬೇಡಿ. ಕಲಾತ್ಮಕ ಚಿತ್ರಗಳನ್ನು ತೋರಿಸುವ ನಮ್ಮ ವಿಜಯಪುರದ ಪುಟ್ಟ ಟಾಕೀಸು ಇರುವುದೇ ಒಂದು ಒಣದ್ರಾಕ್ಷಿ ಗೋದಾಮಿನಲ್ಲಿ. ಶಿವರಾತ್ರಿ ದಾಟಿದರೆ ಅಲ್ಲಿ ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು. ಮಳೆಗಾಲಕ್ಕೆ ಅವು ಖಾಲಿಯಾಗುತ್ತವೆ, ಆದರೆ ಆಗ ತಗಡಿನ ಮೇಲೆ ಹನಿ ಬಿದ್ದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಸಿನಿಮಾಕ್ಕೆ ಉಳಿಯುವುದು ದಸರೆ ದೀಪಾವಳಿಯ ಆಸುಪಾಸಿನ ಏಳೆಂಟು ಭಾನುವಾರ ಮಾತ್ರ. ಗೋದಾಮಿನ ಒಡೆಯರು ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ಎಲ್ಲರಿಗೂ ಬರೀ ‘ಸರ್’. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಮಧ್ಯಾಹ್ನ ನಾಲ್ಕಕ್ಕೆ ಯಾವುದೋ ದೂರದೇಶದ ಚಿತ್ರ ಹಚ್ಚುತ್ತಾರೆ. ಮುಗಿದ ಮೇಲೆ ಚಹಾ. ಚಹಾದ ಜೊತೆ ಚರ್ಚೆ. ಚಹಾ ಕುಡಿದವರು ಚರ್ಚೆಗೆ ಕೂರಲೇಬೇಕು ಎಂಬುದು ಸರ್ ಅವರ ಒಂದೇ ಕಾನೂನು.

ಐದಾರು ವರ್ಷಗಳ ಹಿಂದೆ ಒಂದು ಭಾನುವಾರ ನಾನು ಹೊರಡುವಾಗ ಅತ್ತೆ, “ನಾನೂ ಬರ್ತೀನಿ. ನಿನ್ನ ಗಂಡನ ಗೊರಕಿ ಕೇಳ್ಕೋತ ಎಷ್ಟಂತ ಕುಂದರ್ಲಿ?” ಎಂದು ಸೆರಗು ಸರಿಪಡಿಸಿಕೊಂಡರು. ಚಿತ್ರದ ಭಾಷೆ ಇಬ್ಬರಿಗೂ ಬಾರದು. ಕೆಳಗೆ ಇಂಗ್ಲಿಷಿನಲ್ಲಿ ಬರೆದು ಬರುವುದನ್ನು ನಾನು ಓದಬಲ್ಲೆ, ಅತ್ತೆಗೆ ಆಗದು. ಅವರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟುತ್ತ ಹೋದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ನಾವು ಮನೆಗೆ ಬರೆದ ಪತ್ರಗಳನ್ನು ಸಿಸ್ಟರ್ ಓದಿದ ಮೇಲೆಯೇ ಲಕೋಟೆ ಅಂಟಿಸುತ್ತಿದ್ದರು. ಜ್ವರ ಬಂದರೂ, ಜಗಳವಾದರೂ, ರಾತ್ರಿಯೆಲ್ಲ ಅತ್ತರೂ ಪತ್ರದಲ್ಲಿ ಮಾತ್ರ ‘ನಾನು ಇಲ್ಲಿ ಸಂತೋಷದಿಂದ ಇದ್ದೇನೆ’. ಆ ಅಭ್ಯಾಸ ಕೈಯಿಂದ ನಾಲಗೆಗೆ ಯಾವಾಗ ಇಳಿಯಿತೋ ತಿಳಿಯದು. ಯಾರಿಗೂ ನೋವಾಗದಂತೆ ಮಾತನ್ನು ಸೋಸಿ ಹೇಳುವುದೇ ಒಳ್ಳೆಯತನ ಎಂದು ನಂಬಿದ್ದೆ. ಸಿನಿಮಾವನ್ನೂ ಹಾಗೆಯೇ ಸೋಸತೊಡಗಿದೆ.

ಒಮ್ಮೆ ಪರದೆಯ ಮೇಲೆ ಗಂಡಹೆಂಡತಿ ಬಾಯಿಗೆ ಬಂದಂತೆ ಬೈದಾಡುತ್ತಿದ್ದರು.

“ಏನಂತಾಳ ಆಕಿ?” ಎಂದರು ಅತ್ತೆ.

“ಕಾಯಿಪಲ್ಲೆ ತುಟ್ಟಿ ಆಗೇತಂತ್ರಿ.”

“ಕಾಯಿಪಲ್ಲೆ ಸಲುವಾಗಿ ಗಂಡಗ ಚಪ್ಪಲಿ ಒಗಿತಾರೇನ ಬೇ?”

“ಭಾಳ ತುಟ್ಟಿ ಆಗೇತ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ನನ್ನ ಜಾಣತನಕ್ಕೆ ಒಳಗೊಳಗೇ ಬೀಗಿದೆ.

ಆ ವರ್ಷದ ನಾಲ್ಕನೆಯ ಚಿತ್ರದಲ್ಲಿ ಒಬ್ಬ ಹೆಂಗಸು, ಬೆಳ್ಳಂಬೆಳಿಗ್ಗೆ, ಮಲಗಿದ ಮಕ್ಕಳ ಹೊದಿಕೆ ಸರಿಮಾಡಿ, ಒಂದು ಚೀಲ ಹಿಡಿದು ಮನೆಬಿಟ್ಟು ಹೊರಟು ಬಸ್ಸು ಹತ್ತುತ್ತಾಳೆ. ‘ನಾನು ಮರಳಿ ಬರುವುದಿಲ್ಲ’ ಎಂದು ಕೆಳಗೆ ಸ್ಪಷ್ಟವಾಗಿ ಬಂತು. ಪಕ್ಕದಲ್ಲಿ ಎಪ್ಪತ್ತರ ಅತ್ತೆ. ನಾನು ಅವರ ಮನೆಯ ಸೊಸೆ. “ದವಾಖಾನಿಗೆ ಹೋಗಿ ಬರ್ತಾಳಂತ್ರಿ,” ಎಂದುಬಿಟ್ಟೆ. ಒಂದು ಸುಳ್ಳು ನಿಲ್ಲಬೇಕಾದರೆ ಅದಕ್ಕೆ ಹತ್ತು ಊರುಗೋಲು ಬೇಕು. ಮುಂದೆ ಅವಳು ಬೇರೆ ಊರಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದನ್ನು ದವಾಖಾನೆಯ ಬಟ್ಟೆ ಮಾಡಿದೆ, ಮಾಲಕಿಯನ್ನು ದೊಡ್ಡ ನರ್ಸ್ ಮಾಡಿದೆ.

ಚಹಾ ಬಂತು. ಚರ್ಚೆಯಲ್ಲಿ ಎಂದೂ ಬಾಯಿಬಿಡದ ಅತ್ತೆ ಅಂದು ಎದ್ದು ನಿಂತರು.

“ಸರ, ನಂದೊಂದ ಮಾತ ಐತ್ರಿ. ದವಾಖಾನಿಗೆ ಹೋಗಿ ಹೊಳ್ಳಿ ಬರಾಕಿ ಬಸ್ಸಿನ್ಯಾಗ ಬಾಗಲ ಕಡೆ ಕುಂದರತಾಳ. ಈಕಿ ಎಲ್ಲಾರಕಿಂತ ಹಿಂದ ಹೋಗಿ ಕಿಡಕಿ ಬಾಜೂಕ ಕುಂತ್ಲು. ಯಾಕ್ರಿ?”

ಸರ್ ತಬ್ಬಿಬ್ಬಾದರು. “ಯಾವ ದವಾಖಾನಿರಿ? ಆಕಿ ಮನಿ ಬಿಟ್ಟ ಹೋದ್ಲಲ್ರಿ. ಕೆಳಗ ಬರದಿತ್ತಲ್ಲ?”

“ಆಯಿ ಬ್ಯಾರೇನ ಪಿಚ್ಚರ್ ನೋಡ್ಯಾರ!” ಎಂದಳು ಕಾಲೇಜಿನ ಹುಡುಗಿಯೊಬ್ಬಳು. ಕೆಟ್ಟ ಮನಸ್ಸಿನಿಂದಲ್ಲ; ಆದರೂ ಎಲ್ಲರೂ ನಕ್ಕರು. ಅತ್ತೆ ಕುಳಿತರು. ನನ್ನತ್ತ ಒಮ್ಮೆ ನೋಡಿದರು, ಅಷ್ಟೆ.

ಆಟೋದಲ್ಲಿ ಮಾತಿಲ್ಲ. ಮರುದಿನ ಮಾತಿಲ್ಲ. ‘ಸಾರಿಗೆ ಇಡ್ಲೇನ್ರಿ?’ ಎಂದರೆ ‘ಇಡು’. ನಮ್ಮ ಮನೆಯಲ್ಲಿ ಜಗಳಗಳಿಗೆ ಸದ್ದಿರುತ್ತದೆ. ಈ ಸದ್ದಿಲ್ಲದಿರುವಿಕೆ ನನಗೆ ಹೊಸದು. ಬುಧವಾರ ಇಬ್ಬರೂ ಮೆಂತ್ಯದ ಪಲ್ಲೆ ಸೋಸುತ್ತಿದ್ದಾಗ, ಎಲೆಯಿಂದ ಕಣ್ಣೆತ್ತದೆ ಅತ್ತೆಯೇ ಶುರುಮಾಡಿದರು.

“ಮಂದಿ ನಕ್ಕದ್ದಕ್ಕ ಏನಿಲ್ಲ. ನನ್ನ ಕಣ್ಣ ನನಗ ಖರೇನ ಹೇಳಾಕತ್ತಿದ್ವು. ನಿನ್ನ ಮಾತ ಕೇಳಿ ನನ್ನ ಕಣ್ಣ ನಾ ನಂಬಲಿಲ್ಲ ನೋಡು.”

“ತಪ್ಪಾತ್ರಿ ಅತ್ತಿ. ನಿಮಗ ಕೆಟ್ಟ ಅನಸ್ತದಂತ...”

“ನನಗ? ನಿನ್ನ ಗಂಡ ಮೂರ ವರ್ಷದಾಂವ ಇದ್ದ. ಇವನಪ್ಪಗೂ ನನಗೂ ಮಾತ ಬೆಳದು, ಸಾರವಾಡ ಸ್ಟ್ಯಾಂಡಿನ್ಯಾಗ ಬಸ್ಸ ಹತ್ತಿದ್ದೆ. ಹೊಳ್ಳಿ ಬರಬಾರದಂತನ ಹತ್ತಿದ್ದೆ. ಆದ್ರ ಎಲ್ಲಿ ಕುಂತಿದ್ದೆ? ಬಾಗಲ ಕಡೆ. ಮುಂದಿನ ಸ್ಟಾಪಿಗೆ ಇಳದು ನಡಕೋತ ಬಂದೆ. ರೊಟ್ಟಿ ಹೊತ್ತಿಗೆ ಒಲಿ ಮುಂದ ಇದ್ದೆ. ಯಾರಿಗೂ ಗೊತ್ತಿಲ್ಲ ಇದು.” ಒಂದು ಹಳದಿ ಎಲೆ ಕಿತ್ತು ಬದಿಗಿಟ್ಟರು. “ಹಿಂದ ಹೋಗಿ ಕುಂತಾಕಿ ಮುಂದ ಏನಾದ್ಲು, ಅಷ್ಟ ನೋಡೂದಿತ್ತು ನನಗ. ನೀ ಆಕೀನ ದವಾಖಾನಿಗೆ ಹಾಕಿದಿ.”

ಸಂಜೆ ಸರ್ ಅವರಿಗೆ ಫೋನು ಮಾಡಿ, ಆ ಚಿತ್ರ ಇನ್ನೊಮ್ಮೆ ತೋರಿಸಿ ಎಂದು ಬೇಡಿದೆ. ಒಂದೇ ಸಲ ತೋರಿಸಲು ಒಪ್ಪಿಗೆ ಇತ್ತಂತೆ; ಕಳುಹಿಸಿದವರಿಗೆ ಹಿಂತಿರುಗಿಯೂ ಆಗಿತ್ತು. ಉಳಿದ ದಾರಿ ಒಂದೇ. ಅತ್ತೆಯ ಎದುರು ಕುಳಿತು, ಬಸ್ಸಿನಿಂದ ಕೊನೆಯವರೆಗೆ, ಓದಿದ್ದನ್ನು ಓದಿದ ಹಾಗೆ ಹೇಳಿದೆ. ಅವರು ಕೇಳುವ ಪ್ರಶ್ನೆಗಳಾದರೂ ಎಂಥವು!

“ಒಬ್ಬಾಕೀನ ಉಣ್ಣುವಾಗ ಹೆಂಗ ಕುಂತಿದ್ಲು?”

ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ನರ್ಸಿನ ಮಾತು ಹೊಸೆಯುತ್ತಿದ್ದೆ. ಇಡೀ ಚಿತ್ರದಲ್ಲಿ ನಾನು ಕಂಡದ್ದು ಕೆಳಗಿನ ಎರಡು ಸಾಲು ಅಕ್ಷರ ಮಾತ್ರ.

“ಕಾಲ ಚಾಚಿ ಕುಂತಿದ್ಲು,” ಎಂದರು ಅತ್ತೆ ನಿಧಾನವಾಗಿ. “ಅದನ್ನ ನಾ ನೋಡೀನಿ. ಆರಾಮ ಇದ್ಲು ಅಂತ ಕೆಳಗ ಬರದಿತ್ತೇನು?”

“ಬರದಿರಲಿಲ್ರಿ.”

“ಹ್ಞಾ. ಹಂಗಾರ ಆರಾಮ ಇದ್ಲು.”

ಮುಂದಿನ ಭಾನುವಾರ ಅವರು ಬರುವುದಿಲ್ಲವೆಂದೇ ತಿಳಿದು ನಾನು ಒಬ್ಬಳೇ ಚಪ್ಪಲಿ ಮೆಟ್ಟಿದ್ದೆ. “ನಿಲ್ಲು,” ಎಂದರು ಒಳಗಿನಿಂದ. “ಇದ್ದದ್ದ ಇದ್ದಂಗ ಹೇಳೂದಿದ್ರ ಬರ್ತೀನಿ. ಅಳೂದು, ಸಿಟ್ಟಿಗೇಳೂದು ನಾ ನೋಡ್ಕೋತೀನಿ.”

ಹೇಳಲು ಸುಲಭ. ಇಷ್ಟು ವರ್ಷಗಳಾದರೂ ಪ್ರತಿ ಚಿತ್ರದಲ್ಲೂ ಒಂದು ಮಾತನ್ನಾದರೂ ಸೋಸಬೇಕೆನಿಸುತ್ತದೆ. ಮೊನ್ನೆ ಈ ಸಲದ ಮೊದಲ ಚಿತ್ರಕ್ಕೆ ಏನು ಮನಸ್ಸಾಯಿತೋ, ನನ್ನ ಗಂಡನೂ ಬಂದು ಅತ್ತೆಯ ಆ ಬದಿಗೆ ಕುಳಿತಿದ್ದ. ಪರದೆಯ ಮೇಲೆ ಊಟಕ್ಕೆ ಕುಳಿತ ಮಗ ಮುದುಕಿ ತಾಯಿಗೆ ಏನೋ ಹೇಳಿದ. ಒಳಗೇ ಓದಿಕೊಂಡೆ.

“ಹೇಳು,” ಎಂದರು ಅತ್ತೆ.

“‘ನೀ ಹ್ವಾದ ಮ್ಯಾಲೆ ಈ ಮನಿ ಮಾರತೀವಿ’ ಅಂತಾನ್ರಿ.”

ಅತ್ತೆ ತಿರುಗಿ ಮಗನ ತೊಡೆ ಚಿವುಟಿದರು. “ಕೇಳಿದಿಲ್ಲೋ ಲೇ?”

“ಯವ್ವಾ, ನಾ ಏನ ಮಾಡೀನಿ?” ಎಂದ ಅವನು ನನ್ನತ್ತ ಬಾಗಿ, “ಅದನ್ಯಾಕ ಹೇಳಾಕ ಹ್ವಾದಿ?” ಎಂದು ಗದರಿದ.

“ಬರದಾರ್ರಿ,” ಎಂದೆ.

ಮುಂದೆ ಬಹಳ ಹೊತ್ತು ಪರದೆಯ ಮೇಲೆ ಮಾತೇ ಇರಲಿಲ್ಲ. ಕೆಳಗೆ ಅಕ್ಷರ ಬರಲಿಲ್ಲ, ನನಗೆ ಕೆಲಸವಿರಲಿಲ್ಲ. ತಲೆ ಎತ್ತಿ ನೋಡಿದೆ. ಆ ಮುದುಕಿ ತನ್ನ ಪಾಲಿನ ಬ್ರೆಡ್ಡನ್ನು ಮುರಿದು, ಯಾವುದು ದೊಡ್ಡದೆಂದು ಎರಡೂ ತುಂಡುಗಳನ್ನು ಹೋಲಿಸಿ, ದೊಡ್ಡದನ್ನು ಮಗನತ್ತ ಸರಿಸುತ್ತಿದ್ದಳು.