ಅವ್ವನಿಗೆ ತಾಗಬಾರದ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ಅವ್ವ ಎರಡು ದಿನ ನೋವು ತಿಂದು, ಸೂಲಗಿತ್ತಿ ಕೈಚೆಲ್ಲಿ ಕೂತ ಮೇಲೆ ಹೇಗೋ ಹೊರಗೆ ಬಂದೆನಂತೆ. ಆ ಕಾರಣಕ್ಕೆ ಮಾಂಬಳ್ಳಿಯಲ್ಲಿ ನನಗೊಂದು ಕೆಲಸ ಅಂಟಿಕೊಂಡಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಸೊಂಟ, ಉಳುಕಿದ ಬೆನ್ನು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಐದು ವರ್ಷದವಳಿದ್ದಾಗಿನಿಂದ ನಾನು ಹಲ್ಲುಜ್ಜುವ ಮೊದಲೇ ಯಾರಾದರೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೊಸ್ತಿಲ ಹೊರಗೆ ನಮಗೆ ಬೆನ್ನು ಮಾಡಿ ಕುಕ್ಕರಿಸಿ ಕೂರುತ್ತಿದ್ದರು. ನಾನು ನಿದ್ದೆಗಣ್ಣಲ್ಲಿ ಎಡಗಾಲಿನಿಂದ ಮೂರು ಸಲ ಒದೆಯಬೇಕು. ಅವರು ದುಡ್ಡು ಕೊಡುವಂತಿಲ್ಲ, "ಬತ್ತೀನಿ" ಅನ್ನುವಂತಿಲ್ಲ, ತಿರುಗಿ ನೋಡದೆ ಹೋಗಬೇಕು.

ಈಗ ನನಗೆ ಐವತ್ತು ದಾಟಿದೆ. ಯಜಮಾನರು ತೀರಿಕೊಂಡ ಮೇಲೆ ಕೊಳ್ಳೇಗಾಲದಲ್ಲಿ ಬ್ಲೌಸ್ ಹೊಲಿದು ಬದುಕುತ್ತಿದ್ದೇನೆ. ಮನೆಯ ಮುಂದಿನ ರೂಮೇ ಅಂಗಡಿ. ಅಲ್ಲಿಗೂ ಹುಡುಕಿಕೊಂಡು ಬರುತ್ತಾರೆ. "ಅಕ್ಕಾ, ಎಲ್ಡು ದಿನದಿಂದ ಬೆನ್ನು ಇಡ್ಕಂಡದೆ, ಒಂದ್ ಒದೆ ಕೊಟ್ಬುಡಿ." ಒದೆಸಿಕೊಳ್ಳುವುದಕ್ಕೆ ಬೇಡಿಕೊಳ್ಳುವ ಜನರನ್ನು ನೋಡಿ ಒಂದು ಕಾಲಕ್ಕೆ ನಗು ಬರುತ್ತಿತ್ತು. ಈಗ ಮಿಷಿನ್ನು ನಿಲ್ಲಿಸಿ, ಎದ್ದು, ಒದ್ದು, ಬಂದು ಕೂರುತ್ತೇನೆ, ಅಷ್ಟೆ.

ಈ ಪದ್ಧತಿಯಲ್ಲಿ ಇನ್ನೊಂದು ಕಟ್ಟುಪಾಡಿದೆ. ಊರಿಗೆಲ್ಲ ಒದೆಯುವ ಕಾಲು ಹೆತ್ತವಳಿಗೆ ಮಾತ್ರ ತಾಗಬಾರದು. ಅವ್ವ ಮೂವತ್ತು ವರ್ಷ ರೇಷ್ಮೆಗೂಡು ಬಿಚ್ಚಿದವಳು. ಕುದಿಯುವ ನೀರಿನ ಮುಂದೆ ಕೂತು, ಗೂಡಿನ ಎಳೆ ಹುಡುಕಿ ಹುಡುಕಿ ಬಲಗೈ ಚಾಚಿ ಚರಕಕ್ಕೆ ಕೊಡುವುದು, ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಕೆಲಸ. ಸಂಜೆ ಬಂದು ಗೋಡೆಗೆ ಬೆನ್ನು ತಿಕ್ಕಿಕೊಳ್ಳುತ್ತಿದ್ದಳು. ನಾನು ಕಾಲು ಎತ್ತಿದರೆ, "ಉಟ್ಟೋವಾಗ್ಲೇ ಒದ್ದಿದ್ದೀಯ, ನನ್ನ ಪಾಲು ತೀರೋಯ್ತು ಕಣಮ್ಮಿ" ಎಂದು ನಗುತ್ತಿದ್ದಳು.

ಹೋದ ವರ್ಷ ಅವಳ ಬಲಗೈ ಮೇಲೇಳುವುದು ನಿಂತಿತು. ಭುಜದ ಮುಂದುಗಡೆಯಿಂದ ಮೊಣಕೈವರೆಗೆ ನೋವು. ಕೈ ತಟ್ಟೆಯಿಂದ ಬಾಯಿಗೆ ಬರುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ನಾನು ಅವಳನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಬಂದೆ. ಉಣ್ಣುವುದು, ಸ್ನಾನ ಎಲ್ಲ ಅವಳೇ ಹೇಗೋ ನಡೆಸಿಕೊಂಡಳು. ನಡೆಯದೆ ಹೋದದ್ದು ತುರುಬು. ಅಪ್ಪ ಸತ್ತ ದಿನವೂ ತನ್ನ ತುರುಬು ತಾನೇ ಕಟ್ಟಿಕೊಂಡವಳು ಅವಳು. ಬೇರೆಯವರ ಕೈ ತಲೆಗೆ ಸೋಕಿದರೆ ಸಿಡಿಮಿಡಿ. ಈಗ ಬೆಳಿಗ್ಗೆ ನಾನು ಬಾಚಣಿಗೆ ಹಿಡಿದು ಹಿಂದೆ ಕೂತರೆ ಅವಳ ಕುತ್ತಿಗೆ ಬಿಗಿಯುತ್ತಿತ್ತು. "ಬಿಗಿ ಸಾಲ್ದು." "ಎಳೀಬ್ಯಾಡ." "ಇದೇನು ತುರುಬಾ, ಈರುಳ್ಳಿ ಗೆಡ್ಡೆನಾ?" ಒಂದು ದಿನ ಬಿಚ್ಚಿಹಾಕಿ ಮತ್ತೆ ಕಟ್ಟಿಸಿದಳು, ಮೂರು ಸಲ. ಗಿರಾಕಿಗಳು ಹೊರಗೆ ಕಾಯುತ್ತಿದ್ದರು. ಕೊನೆಗೆ ಅವಳೇ ಸಣ್ಣ ದನಿಯಲ್ಲಿ ಅಂದಳು: "ಸಾಯೋದ್ರೊಳ್ಗೆ ಒಂದ್ ಸಲ ನಾನೇ ಕಟ್ಕಂಡ್ರೆ ಸಾಕು."

ನಾನು ಒದೆಯುವಂತಿಲ್ಲ ತಾನೆ? ಹಾಗಾಗಿ ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರನ್ನು ಹುಡುಕಿದೆ. ಮಾರ್ಟಳ್ಳಿಯಲ್ಲಿ ಒಬ್ಬರಿದ್ದಾರೆ ಅಂದರು. ಹನೂರಿನಲ್ಲಿ ಬಸ್ಸು ಬದಲಾಯಿಸಿ, ಅವ್ವನ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ಗುಂಡಿಗೂ ಅವಳ ಮುಖ ನೋಡುತ್ತಾ ಹೋದೆ. ಆತ ಗಟ್ಟಿಮುಟ್ಟಾದ ಮುದುಕ. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಎಲ್ಲಿ ನೋವು ಎಂದು ಕೇಳಿದ. ಅವ್ವ ಭುಜವನ್ನೂ ತೋಳನ್ನೂ ತೋರಿಸಿದಳು. ಚಾಪೆಯ ಮೇಲೆ ಮಲಗಿಸಿ ಅಲ್ಲೇ ತುಳಿದ. ನನ್ನ ಹಾಗೆ ಮೂರು ಸಲ ಸೋಕಿಸುವ ಒದೆ ಅಲ್ಲ, ಮೈಭಾರ ಬಿಟ್ಟು ತುಳಿತ. ಅವ್ವ ಸೆರಗು ಕಚ್ಚಿಕೊಂಡಳು. ನಾನು ಬೇಡ ಅನ್ನಲಿಲ್ಲ. ಮೂರು ದಿನ ತೋಳು ನೀಲಿಗಟ್ಟಿ ಊದಿತ್ತು. ಊರೆಲ್ಲ ಒದ್ದವಳು ನಾನು, ಒದೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಯಾರಿಗಿಂತಲೂ ಚೆನ್ನಾಗಿ ನನಗೆ ಗೊತ್ತಿರಬೇಕಿತ್ತು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಆಸ್ಪತ್ರೆ. ಎಕ್ಸರೇಯಲ್ಲಿ ಮೂಳೆ ಸರಿಯಾಗಿದೆ ಅಂದರು. ಫಿಸಿಯೋಥೆರಪಿ ರೂಮಿಗೆ ಕಳಿಸಿದರು. ಅಲ್ಲಿದ್ದ ಡಾಕ್ಟ್ರಮ್ಮ ನನಗೆ ಮಗಳಾಗುವ ವಯಸ್ಸಿನವಳು. ಅವಳೂ ಎಲ್ಲಿ ನೋವು ಎಂದು ಕೇಳಿದಳು, ಆದರೆ ಅವ್ವ ತೋರಿಸಿದ ಕಡೆ ಕೈ ಹಾಕಲೇ ಇಲ್ಲ. ಹಿಂದೆ ಬಂದು, ಹೆಗಲ ಹಲಗೆಯ ಮೇಲೆ ಬೆರಳಿನಿಂದ ತಡಕುತ್ತಾ ತಡಕುತ್ತಾ ಒಂದು ಕಡೆ ನಿಂತು ಒತ್ತಿದಳು. "ಅಯ್ಯೋ, ತೋಳಿಗೆ ಓಯ್ತು!" ಎಂದು ಅವ್ವ ಚೀರಿದಳು.

"ನೋವು ಕಾಣಿಸ್ಕೊಳ್ಳೋ ಜಾಗ ಬೇರೆ, ಗಂಟು ಇರೋ ಜಾಗ ಬೇರೆ ಅಮ್ಮ" ಅಂದಳು ಡಾಕ್ಟ್ರಮ್ಮ. ಒಂದೇ ಕೆಲಸ ವರ್ಷಗಟ್ಟಲೆ ಮಾಡಿದ ಮಾಂಸಖಂಡ ಬಿಗಿದುಕೊಂಡು, ಸಡಿಲಬಿಡುವುದನ್ನೇ ಮರೆಯುತ್ತದಂತೆ. ನನ್ನ ಹೆಬ್ಬೆರಳನ್ನು ಹಿಡಿದು ಆ ಜಾಗದ ಮೇಲೆ ಇಟ್ಟಳು. ಚರ್ಮದ ಕೆಳಗೆ ಹುಣಸೆಬೀಜದಷ್ಟು ಗಾತ್ರದ ಗಟ್ಟಿ ಗಂಟು. ತುಳಿಯಬಾರದು, ಉಜ್ಜಬಾರದು. ತಡೆದುಕೊಳ್ಳುವಷ್ಟೇ ಒತ್ತಿ ಹಿಡಿದು, ಅವರು ನಿಧಾನಕ್ಕೆ ಐದಾರು ಉಸಿರು ಬಿಡುವವರೆಗೆ ಕಾಯಬೇಕು. ಮೆತ್ತಗಾದರೆ ಬಿಸಿನೀರಿನ ಶಾಖ. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಿ ಕೈಯನ್ನು ಮೇಲೆ ಒಯ್ಯಬೇಕು. ದಿನಕ್ಕೆ ಎರಡು ಸಲ. "ಯಾರು ಮಾಡ್ತೀರಿ?" ಎಂದು ಕೇಳಿದಳು. ಇನ್ಯಾರಿದ್ದಾರೆ?

ಮನೆಗೆ ಬಂದು ಕೂರಿಸಿದಾಗ ಅವ್ವ ಅನುಮಾನಿಸಿದಳು. "ನೀನು ಮಾಡ್ಬೋದಾ?"

"ಕಾಲಲ್ಲ ಕಣವ್ವ, ಕೈ."

ಅಷ್ಟು ವರ್ಷದಲ್ಲಿ ನಾನು ಅವ್ವನ ಬೆನ್ನು ಮುಟ್ಟಿದ್ದೇ ಅದು ಮೊದಲು. ಹೆಗಲ ಹಲಗೆ ಇಷ್ಟು ತೆಳ್ಳಗಿದೆ ಎಂದು ಗೊತ್ತಿರಲಿಲ್ಲ. ಒತ್ತಿ ಹಿಡಿದು "ಉಸ್ರು ಬುಡವ್ವ" ಅನ್ನುತ್ತಿದ್ದೆ. ಅವಳ ಬೆರಳು ಗೋಡೆಯಲ್ಲಿ ಎಲ್ಲಿಯವರೆಗೆ ಹತ್ತಿತೋ ಅಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಗೀಟು ಎಳೆಯುತ್ತಿದ್ದೆ. ಮೊದಲ ಗೀಟು ಅವಳ ಎದೆಮಟ್ಟಕ್ಕಿತ್ತು. ವಾರವಾದರೂ ಹೊಸ ಗೀಟು ಮೊದಲನೆಯದರ ಮೇಲೇ ಬೀಳುತ್ತಿತ್ತು, ಒಂದಿಂಚೂ ಏರಲಿಲ್ಲ.

ಇದನ್ನೆಲ್ಲ ಸೇವೆ ಎಂದು ಯಾರಾದರೂ ಹೊಗಳಿದರೆ ನನಗೆ ಮುಜುಗರ. ಎಷ್ಟೋ ದಿನ ಬೇಸರದಿಂದಲೇ ಮಾಡಿದೆ. ಬಗ್ಗಿ ಹೊಲಿದು ಹೊಲಿದು ನನ್ನ ಬೆನ್ನೂ ಕುಟುಕುತ್ತಿತ್ತು, ಬಲಗಡೆ, ಬೆನ್ನುಮೂಳೆಯ ಪಕ್ಕದಲ್ಲಿ. ಕತ್ತರಿ ಹಿಡಿದರೆ ಬೆರಳು ಜೋಮು. ಮದುವೆಗಳ ಕಾಲದಲ್ಲಿ ಒಂದು ಸಂಜೆ, ಮೂರು ಬ್ಲೌಸಿಗೆ ಇನ್ನೂ ತೋಳು ಕೂರಿಸಬೇಕಿತ್ತು, ಅವಳು "ಒತ್ತಮ್ಮಿ" ಎಂದು ಕರೆದಳು. ಹೋಗಿ ಸಿಟ್ಟಿನಲ್ಲಿ ಒತ್ತಿದೆ. ಸಿಟ್ಟು ಹೆಬ್ಬೆರಳಿಗೆ ಇಳಿದಿದ್ದು ನನಗೇ ಗೊತ್ತಾಯಿತು. ಅವಳು ಉಸಿರು ಬಿಡಲಿಲ್ಲ.

"ಇದ್ಕಿಂತ ಒದ್ದಿದ್ರೇ ವಾಸಿಯಾಗಿತ್ತು" ಅಂದಳು.

ನಾನು ಎದ್ದು ಬಂದೆ. ತಪ್ಪಾಯಿತು ಎಂದು ಹೇಳಲಿಲ್ಲ. ಮಿಷಿನ್ನಿನ ಮುಂದೆ ಕೂತಾಗ ನೋವಿಗೆ ಒಂದು ಕೈ ಹಿಂದೆ ಮಾಡಿ ಬೆನ್ನು ಹಿಡಿದುಕೊಂಡೆ. ಒಳಗಿನಿಂದ ಅವಳು ನೋಡುತ್ತಿದ್ದಳು. "ಎಲ್ಲಿ ನೋಯ್ತದೆ?" ಎಂದು ಕೇಳಿದಳು. "ಇಲ್ಲಿ" ಎಂದು ತೋರಿಸಿ ಪೆಡಲು ತುಳಿದೆ.

ಮಾರನೆಯ ದಿನದಿಂದ ಮೆತ್ತಗೆ ಒತ್ತಿದೆ. ಅವಳೂ ಹಟ ಹಿಡಿದಳು. ನಾನು ಮರೆತರೂ ಗೋಡೆಯ ಮುಂದೆ ನಿಂತು ಬೆರಳು ಹತ್ತಿಸುತ್ತಿದ್ದಳು, ಕೈಯನ್ನು ಬೈಯುತ್ತಲೇ. ಗೀಟುಗಳು ಮೇಲೇರಿದವು. ಭುಜ, ಗದ್ದ, ಕಿವಿ. ಕಿವಿಯ ಹತ್ತಿರ ಮೂರು ವಾರ ನಿಂತುಬಿಟ್ಟಿತು. ಹುಣಸೆಬೀಜ ಉದ್ದಿನಕಾಳಾಯಿತು, ಪೂರ್ತಿ ಹೋಗಲಿಲ್ಲ. ಇಷ್ಟೇ ಇರಬೇಕು ಅಂದುಕೊಂಡೆ. ಬಾಚಣಿಗೆ ನನ್ನ ಕೈಯಲ್ಲೇ ಉಳಿಯುತ್ತದೆ ಎಂದು ಒಪ್ಪಿಕೊಂಡಿದ್ದೆ.

ಒಂದು ಬೆಳಿಗ್ಗೆ ಹಾಲು ತಂದು ಬಾಚಣಿಗೆ ಹುಡುಕಿದರೆ ಅದು ಅವಳ ಮಡಿಲಲ್ಲಿತ್ತು. ತುರುಬು ಕಟ್ಟಿಯಾಗಿತ್ತು. ಎಡಗಿವಿಯ ಕಡೆಗೆ ಜಾರಿದ, ಸಡಿಲವಾದ, ಎರಡು ಎಳೆ ಹೊರಗೆ ಬಿಟ್ಟ ತುರುಬು. ನಾನು ಕಟ್ಟಿದ್ದರೆ ಬಿಚ್ಚಿಸುತ್ತಿದ್ದಳು. ಅವಳು ಬೆವರಿದ್ದಳು. ನನ್ನನ್ನು ನೋಡಿ ಏನೂ ಆಗಿಲ್ಲವೆಂಬಂತೆ ಮುಖ ಮಾಡಿದಳು.

"ಕುತ್ಕೊ" ಅಂದಳು.

"ಗಿರಾಕಿ ಬತ್ತಾರೆ ಕಣವ್ವ."

"ಬರ್ಲಿ, ಕುತ್ಕೊ. ತಿರ್ಗು ಆ ಕಡೆ."

ಅವಳ ಮುಂದೆ ಬೆನ್ನು ಮಾಡಿ ಕೂತೆ, ನಮ್ಮ ಹೊಸ್ತಿಲ ಹೊರಗೆ ಕೂರುತ್ತಿದ್ದವರ ಹಾಗೆಯೇ. ಆ ಬಲಗೈ ನಿಧಾನಕ್ಕೆ ಮೇಲೆದ್ದು ಬಂದು ನನ್ನ ಬೆನ್ನಿನ ಮೇಲೆ ಹೆಬ್ಬೆರಳು ಊರಿತು. ನಾನು ಆವತ್ತು ನೋವು ಎಂದು ತೋರಿಸಿದ ಜಾಗದಲ್ಲೇ, ಮರೆಯದೆ. ನನ್ನ ಗಂಟು ಅಲ್ಲಿಲ್ಲ. ಕುತ್ತಿಗೆಯ ಬುಡದಲ್ಲಿದೆ ಎಂದು, ಅವ್ವನನ್ನು ಇನ್ನೊಮ್ಮೆ ತೋರಿಸಲು ಹೋದಾಗ ಡಾಕ್ಟ್ರಮ್ಮ ನನಗೂ ತೋರಿಸಿಕೊಟ್ಟಿದ್ದಳು. ಅವ್ವನ ಬೆರಳಿಗೆ ಬಲವೂ ಇರಲಿಲ್ಲ.

"ಉಸ್ರು ಬುಡಮ್ಮಿ" ಅಂದಳು. "ಇಲ್ಲೇ ತಾನೆ?"

"ಊಂ, ಅಲ್ಲೇ" ಅಂದೆ. "ಇನ್ನೊಂಚೂರು ಒತ್ತವ್ವ."