ಕಾರಿನೊಳಗೆ ಮಗಳನ್ನು ಕೇಳಿದ್ದು

ವೆಸ್ಟ್‌ಮಂಟ್ ಬಿಟ್ಟು ರಾಚೆಸ್ಟರ್ ಹಿಲ್ಸ್‌ಗೆ ಬಂದಾಗ ಮಗಳಿಗೆ ಹನ್ನೊಂದು ವರ್ಷ. ಗಂಡನಿಗೆ ಅಲ್ಲಿ ಹೊಸ ಕೆಲಸ ಸಿಕ್ಕಿತ್ತು. ವರ್ಷದ ನಡುವೆ, ಜನವರಿಯಲ್ಲಿ, ಅವಳನ್ನು ಹೊಸ ಶಾಲೆಗೆ ಸೇರಿಸಿದೆವು. ಸಾಮಾನು ಕಟ್ಟುತ್ತಿದ್ದ ವಾರದಲ್ಲೇ ಮೈಸೂರಿನಲ್ಲಿ ನನ್ನ ಅಮ್ಮ ತೀರಿಕೊಂಡಿದ್ದರು. ಬಾಣಂತನಕ್ಕೆ ಬಂದು, ಮಗಳನ್ನು ಎರಡು ವರ್ಷ ಎತ್ತಿ ಆಡಿಸಿದ ಅಜ್ಜಿ. ಹೊಸ ಶಾಲೆಗೆ ಹೊಂದಿಕೊಳ್ಳಲಿ ಎಂದು ಮೂರು ವಾರ ಅವಳಿಗೆ ಹೇಳಲಿಲ್ಲ. ಅಮ್ಮನ ಸೀರೆಗಳನ್ನು ಯಾರಿಗೆ ಕೊಡುವುದು ಎಂದು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಮಗಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಳು. ಅಳಲಿಲ್ಲ. "ಓಕೆ" ಎಂದು ಮೇಲೆ ಹೋದಳು. ಗಟ್ಟಿ ಹುಡುಗಿ ಅಂದುಕೊಂಡೆ.

ಮಾರ್ಚ್‌ನಲ್ಲಿ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಜೀರಿಗೆ ಕಷಾಯ ಮಾಡಿಕೊಟ್ಟೆ. ಊಟದ ಡಬ್ಬಿ ತುಂಬಿದ ಹಾಗೆಯೇ ವಾಪಸು ಬರುತ್ತಿತ್ತು. ಯಾರಿಗೂ ಮುಟ್ಟಗೊಡದಿದ್ದ ಮಣಿಗಳ ಪೆಟ್ಟಿಗೆಯನ್ನು ಪಕ್ಕದ ಮನೆಯ ಪುಟ್ಟ ಹುಡುಗಿಗೆ ಕೊಟ್ಟುಬಂದಳು. "ನೋಡಿ, ನಮ್ಮವಳದ್ದು ಎಷ್ಟು ದೊಡ್ಡ ಮನಸ್ಸು" ಎಂದು ಗಂಡನಿಗೆ ಹೇಳಿದೆ.

ಒಂದು ಮಧ್ಯಾಹ್ನ ಶಾಲೆಯ ಕೌನ್ಸೆಲರ್ ಫೋನ್ ಮಾಡಿ ಕರೆಸಿದರು. ನರೆಗೂದಲಿನ, ಮೆಲುದನಿಯ ಹೆಂಗಸು. ತಾನಿಲ್ಲದಿದ್ದರೆ ಎಲ್ಲರಿಗೂ ಸುಲಭ ಎಂದು ಮಗಳು ನೋಟ್‌ಬುಕ್‌ನಲ್ಲಿ ಬರೆದಿದ್ದಳಂತೆ. ಆಕೆ ಒಂದೊಂದೇ ಕೇಳಿದರು: ಮನೆಯಲ್ಲಿ ಯಾರಾದರೂ ತೀರಿಕೊಂಡರೇ? ನಿದ್ದೆ ಮಾಡುತ್ತಾಳೆಯೇ? ಇಷ್ಟದ ವಸ್ತುಗಳನ್ನು ಯಾರಿಗಾದರೂ ಕೊಟ್ಟಳೇ? ಅವಳು ಶಾಲೆಯ ಬಸ್ಸು ಹತ್ತಿದರೆ ಹುಡುಗಿಯರು ಮೂಗು ಮುಚ್ಚಿಕೊಳ್ಳುವುದು ನಿಮಗೆ ಗೊತ್ತೇ? ಬಸ್ಸಿನದೊಂದು ಬಿಟ್ಟು ಉಳಿದದ್ದೆಲ್ಲ ನನಗೆ ಗೊತ್ತಿತ್ತು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿರಲಿಲ್ಲ.

"ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಸಾಯುವ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ನಿಮ್ಮ ಭಾಷೆಯಲ್ಲೇ ಕೇಳಿ" ಎಂದರು.

ಮಗಳನ್ನು ಕರೆದುಕೊಂಡು ಹೊರಗೆ ಬಂದು, ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ ಕೂತು ಕೇಳಿದೆ. "ಪುಟ್ಟಾ, ಸತ್ತುಹೋಗ್ಬೇಕು ಅಂತ ಅನ್ಸತ್ತಾ ನಿಂಗೆ?"

ಸೀಟ್ ಬೆಲ್ಟ್ ತಿರುಚುತ್ತಾ "ಸಮ್‌ಟೈಮ್ಸ್" ಎಂದಳು. ಆಮೇಲೆ, "ಆರ್ ಯು ಮ್ಯಾಡ್, ಅಮ್ಮ?"

"ಇಲ್ಲ ಕಂದಾ. ಕೋಪ ಇಲ್ಲ. ಹೇಳಿದ್ಯಲ್ಲ, ಒಳ್ಳೇದಾಯ್ತು."

"ಅಜ್ಜಿ ಬಗ್ಗೆ... ವೈ ಡಿಡಂಟ್ ಯು ಟೆಲ್ ಮಿ?" ಎಂದು ಆಗ ಅತ್ತಳು.

ಅಂದೇ ಡಾಕ್ಟರ ಬಳಿ ಹೋದೆವು. ಮುಂದೆ ಒಂದೂವರೆ ವರ್ಷ, ಪ್ರತಿ ಗುರುವಾರ, ಅವಳನ್ನು ಕೂರಿಸಿಕೊಂಡು ಆನ್ ಆರ್ಬರ್‌ನಲ್ಲಿದ್ದ ಮಕ್ಕಳ ಥೆರಪಿಸ್ಟ್ ಬಳಿಗೆ ಡ್ರೈವ್ ಮಾಡಿದೆ. "ಮಕ್ಕಳಿಗೆಂಥಾ ಡಿಪ್ರೆಶನ್ನು?" ಎನ್ನುತ್ತಿದ್ದ ಗಂಡ, ಎರಡನೇ ತಿಂಗಳಿಂದ ಮೀಟಿಂಗ್ ಬಿಟ್ಟು ತಾವೂ ಬರತೊಡಗಿದರು. ಶಾಲೆಯವರು ಬಸ್ಸಿನ ಮೇಲೆ ಕಣ್ಣಿಟ್ಟರು. ನಿಧಾನವಾಗಿ ಅವಳಿಗೆ ಊಟ ಸೇರಿತು, ನಿದ್ದೆ ಬಂತು. ಒಂದು ಶನಿವಾರ ಗೆಳತಿಯೊಬ್ಬಳನ್ನು ಮನೆಗೆ ಕರೆತಂದಳು.

ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ನನ್ನ ಭಯ ಮಾತ್ರ ಹೋಗಿಲ್ಲ. ನಾಲ್ಕು ಸಲ ರಿಂಗ್ ಆದರೂ ಅವಳು ಫೋನ್ ಎತ್ತದಿದ್ದರೆ, ಎತ್ತುವವರೆಗೂ ಮತ್ತೆ ಮತ್ತೆ ಮಾಡುತ್ತಲೇ ಇರುತ್ತೇನೆ. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಯಾವುದೋ ತಾಯಿ, "ನಮ್ಮವಳು ತುಂಬಾ ಸೈಲೆಂಟು, ತೊಂದ್ರೆನೇ ಕೊಡಲ್ಲ" ಎಂದು ಹೆಮ್ಮೆಪಟ್ಟರೆ, ಆ ಮಗು ಎಲ್ಲಿ ಕೂತಿದೆ ಎಂದು ನನ್ನ ಕಣ್ಣು ಹುಡುಕುತ್ತದೆ.