ಕಲ್ಲಿನಿಂದ ಹೊಳೆಯಂಚಿಗೆ

ಬಣಕಲ್ ಸುತ್ತಮುತ್ತ ಯಾರ ತೋಟದ ಪಂಪ್‌ಸೆಟ್ ಕೈಕೊಟ್ಟರೂ ಮೊದಲು ಫೋನು ಹೋಗುವುದು ಸಫ್ದರನಿಗೆ. ಬೇರಿಂಗ್ ಹೋಗಿದೆಯೋ, ಪೈಪು ಗಾಳಿ ಎಳೆಯುತ್ತಿದೆಯೋ, ಸದ್ದು ಕೇಳಿಯೇ ಹೇಳಿಬಿಡುತ್ತಾನೆ. ಹೆಂಡತಿ ಹುಮಾ ತೀರಿಕೊಂಡು ಎರಡು ವರ್ಷವಾದರೂ ಆ ಕಿವಿ ಮಂಕಾಗಿಲ್ಲ. ಮಂಕಾದದ್ದು ಉಳಿದದ್ದೆಲ್ಲ. ಬಡಿಸಿದರೆ ಉಣ್ಣುತ್ತಾನೆ, ಉಪ್ಪು ಬಿದ್ದಿಲ್ಲವೆಂಬುದು ತಿಳಿಯುವುದಿಲ್ಲ. ಅವನು ಅತ್ತದ್ದನ್ನು ಊರಲ್ಲಿ ಯಾರೂ ನೋಡಿಲ್ಲ. ಅಳು ಬಂದಿದ್ದರೆ ತಾನೇ ನೋಡುವುದು.

ಹೊಳೆ ಕಾಯುವ ಗುಂಪಿಗೆ ಅವನು ಸೇರಿದ್ದೂ ಹಾಗೆಯೇ. ಮೂಡಿಗೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೃತಿಕಾ ಮನೆಯ ಮೋಟಾರು ರಿಪೇರಿಗೆಂದು ತಂದಿದ್ದಳು. ಹೊಳೆದಂಡೆಯನ್ನು ತುಂಡು ತುಂಡಾಗಿ ಹಂಚಿಕೊಂಡು ತಿಂಗಳಿಗೊಮ್ಮೆ ನೋಡಿಬರುವ ಕೆಲಸ, ಖಬರಸ್ತಾನದ ಕೆಳಗಿನ ತುಂಡಿಗೆ ಮಾತ್ರ ಜನ ಸಿಕ್ಕಿಲ್ಲ ಎಂದಳು. ಸಫ್ದರ್ "ಆಯ್ತು" ಎಂದ. ಆಗ ಅವನು ಎಲ್ಲದಕ್ಕೂ ಆಯ್ತು ಎನ್ನುತ್ತಿದ್ದ.

ಜೊತೆಗೆ ಸಿಕ್ಕಿದವರು ಸುಬ್ಬಣ್ಣ. ಖಬರಸ್ತಾನದ ಬೇಲಿಗೆ ತಾಗಿಕೊಂಡೇ ಅವರ ಎರಡೆಕರೆ ಕಾಫಿ. ತೋಟದವರು ಕಾಫಿ ಹಣ್ಣು ಸುಲಿಯುವ ಪಲ್ಪರ್‌ನ ನೀರು ಬಿಟ್ಟು ಹೊಳೆ ನಾರುತ್ತಿದೆಯೇ, ಪ್ಲಾಸ್ಟಿಕ್ ಎಷ್ಟು ಸಿಕ್ಕಿಕೊಂಡಿದೆ, ಯಾವ ಮರ ವಾಲಿದೆ, ಇಷ್ಟು ನೋಡಬೇಕು. ಕೊನೆಗೆ ಟೇಪು ಹಿಡಿಯಬೇಕು. ಖಬರಸ್ತಾನದ ನಡುವೆ ಕೃತಿಕಾ ಒಂದು ಕಲ್ಲು ನೆಡಿಸಿದ್ದಳು. ಆ ಕಲ್ಲಿನಿಂದ ದಂಡೆಯ ಅಂಚಿನವರೆಗೆ ನೆಲ ಎಷ್ಟು ಉಳಿದಿದೆ ಎಂಬುದೇ ಅಳತೆ. ಸುಬ್ಬಣ್ಣನವರ ಮಂಡಿ ನಂಬುವಂಥದ್ದಲ್ಲ. ಹಾಗಾಗಿ ಅಂಚಿಗೆ ಹೋಗಿ ಟೇಪಿನ ತುದಿ ಒತ್ತಿ ಕೂರುವವನು ಸಫ್ದರ್, ಕಲ್ಲಿನ ಬಳಿ ನಿಂತು ಓದಿ ಹೇಳುವವರು ಸುಬ್ಬಣ್ಣ.

"ಹನ್ನೊಂದು ಮೀಟರ್!" ಎಂದು ಕೂಗುತ್ತಿದ್ದರು. "ಬರ್ಕೊ ಮಾರಾಯ, ನಿಮ್ಮ ದಂಡೆ ನನ್ನ ಹೆಂಡ್ತಿಗಿಂತ ಗಟ್ಟಿ. ಒಂದಿಂಚು ಜರುಗೋಲ್ಲ."

ಸಫ್ದರ್ ಬರೆದುಕೊಳ್ಳುತ್ತಿದ್ದ. ಕಲ್ಲಿಗೂ ಅಂಚಿಗೂ ನಡುವಿನ ಕೆಳಸಾಲಿನಲ್ಲಿ ಹುಮಾಳ ಗೋರಿ. ಮೇಲ್ಭಾಗದಲ್ಲಿ ಬಂಡೆ, ಅಗೆಯುವುದು ಕಷ್ಟವೆಂದು ಅಂದು ಈ ಕೆಳಸಾಲಿನಲ್ಲೇ ಮಣ್ಣು ಮಾಡಿದ್ದರು. ಅವನು ಬೇಲಿಯ ಪಕ್ಕದಿಂದ ಅಂಚಿಗಿಳಿದು, ಗೋರಿಗೆ ಬೆನ್ನು ಹಾಕಿ, ನೀರು ನೋಡುತ್ತ ಕೂರುತ್ತಿದ್ದ. ಮಣ್ಣು ಮಾಡಿದ ದಿನದಿಂದ ಒಮ್ಮೆಯೂ ಆ ಕಡೆ ಮುಖ ಮಾಡಿದವನಲ್ಲ.

ಮಳೆಗಾಲ ಕಳೆಯಿತು, ಕಾಫಿ ಕೊಯ್ಲೂ ಮುಗಿಯಿತು. ಯುಗಾದಿ ಕಳೆದ ಮೇಲೆ ಸುಬ್ಬಣ್ಣ ಮಗಳ ಮನೆಗೆಂದು ಮಲ್ಲಂದೂರಿಗೆ ಹೋದರು. ಆ ಸಲ ಕಲ್ಲಿನ ಬಳಿ ನಿಂತವಳು ಕೃತಿಕಾ.

"ಭಾಯ್, ಟೇಪು ಎಲ್ಲೋ ಮಡಚಿಕೊಂಡಿದೆ ನೋಡಿ. ಏಳೂವರೆ ತೋರಿಸ್ತಿದೆ."

ಬಿಗಿ ಮಾಡಿ ಹಿಡಿದರು. ಏಳೂವರೆಯೇ. ಆಗ ಸಫ್ದರ್ ಎದ್ದು ತಿರುಗಿದ. ಗೋರಿಗೂ ಅಂಚಿಗೂ ನಡುವೆ ಉಳಿದದ್ದು ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಮೊದಲು ದಂಡೆಯ ಮೇಲಿದ್ದ ಹೊಳೆಮತ್ತಿ ಮರ ಈಗ ನೀರೊಳಗೆ ನಿಂತಿತ್ತು. ಅದನ್ನು ಅವನು ತಿಂಗಳು ತಿಂಗಳೂ ಕಂಡಿದ್ದ. ಕಂಡದ್ದು ಮನಸ್ಸಿಗೆ ಇಳಿದಿರಲಿಲ್ಲ, ಅಷ್ಟೆ.

ಕೃತಿಕಾಳ ಮುಖ ಇಳಿದುಹೋಯಿತು. "ಈ ದಂಡೆ ಗಟ್ಟಿಯಿದೆ ಅಂತ ನಾನೇ ಪಂಚಾಯಿತಿಗೆ ಬರೆದುಕೊಟ್ಟಿದ್ದೀನಲ್ಲ ಭಾಯ್. ದಂಡೆ ಕಟ್ಟೋಕೆ ಅಂತ ಬಂದ ಈ ವರ್ಷದ ಕಲ್ಲೆಲ್ಲ ಸೇತುವೆ ಹತ್ರ ಕಟ್ಟಿ ಆಯ್ತು."

"ಆಯ್ತು" ಎಂದ ಸಫ್ದರ್.

ಸುಬ್ಬಣ್ಣ ಮಲ್ಲಂದೂರಿನಿಂದ ಬಂದ ದಿನ ಸಫ್ದರ್ ಅವರ ಕಣದಲ್ಲೇ ಹೋಗಿ ನಿಂತ. "ಏಳೂವರೆಯಂತೆ, ಸುಬ್ಬಣ್ಣೋರೆ."

ಸುಬ್ಬಣ್ಣ ಕೈಲಿದ್ದ ಮೊರ ಕೆಳಗಿಟ್ಟರು. "ಶ್ರಾವಣದಲ್ಲಿ ಒಂದೇ ಸಲ ಒಂದು ಮೀಟರ್ ಹೋಗಿತ್ತು. ನೀನು ಅಲ್ಲಿ ಬೆನ್ನು ಹಾಕ್ಕೊಂಡು ಕೂತಿದ್ದೆ. ನಡುವೆ ಆ ಹೆಣ್ಣುಮಗಳು ಮಲಗಿದಾಳೆ. ಹ್ಯಾಗೆ ಹೇಳ್ಲಿ ಮಾರಾಯ? ಬಾಯಿ ಬರ್ಲಿಲ್ಲ. ಒಂದ್ಸಲ ಹನ್ನೊಂದು ಅಂದ್ಮೇಲೆ ಮುಂದಿನ ತಿಂಗಳೂ ಅದೇ ಅನ್ನಬೇಕಾಯ್ತು."

"ಹೇಳಿದ್ರೆ ಕಲ್ಲು ಬರ್ತಿತ್ತು."

"ಬರ್ತಿತ್ತು. ಅದು ಈಗ ಗೊತ್ತಾಗ್ತಿದೆ. ಬೈಯಾದ್ರೂ ಬೈಯೋ!"

ಸಫ್ದರನಿಗೆ ಬೈಗುಳ ಬರಲಿಲ್ಲ. ಸಿಟ್ಟು ಎಲ್ಲಿರಬೇಕಿತ್ತೋ ಅಲ್ಲಿ ತಡಕಿ ನೋಡಿದ; ಏನೂ ಇರಲಿಲ್ಲ.

ಜಮಾತಿನ ಅಧ್ಯಕ್ಷ ಹಬೀಬುರ್ರಹ್ಮಾನ್ ಸಾಹೇಬರು ಮೌಲವಿಯವರನ್ನು ಕೇಳಿಕೊಂಡು ಬಂದರು. "ಗೋರಿ ನೀರು ಪಾಲಾಗುತ್ತೆ ಅಂತಿದ್ರೆ ಎತ್ತಿ ಬೇರೆ ಕಡೆ ಇಡಬಹುದಂತೆ. ಆದ್ರೆ ಗಂಡನಾದ ನೀನು ಹೇಳಬೇಕು ಬೇಟಾ. ಮಳೆ ಹಿಡಿದ್ರೆ ಆಮೇಲೆ ನಮ್ಮ ಕೈಲಿಲ್ಲ."

ಈ ಬಾರಿ "ಆಯ್ತು" ಎನ್ನಲು ನಾಲಿಗೆ ಏಳಲಿಲ್ಲ. ಮನೆಗೆ ಬಂದ. ಬಿಚ್ಚಿಟ್ಟಿದ್ದ ಪಂಪೊಂದನ್ನು ಜೋಡಿಸಿ, ಮತ್ತೆ ಬಿಚ್ಚಿ, ಮತ್ತೆ ಜೋಡಿಸಿದ. ಮಾರನೆಯ ಬೆಳಿಗ್ಗೆ ಖಬರಸ್ತಾನದ ಮೇಲ್ಭಾಗಕ್ಕೆ ಹೋಗಿ ಹಾರೆ ಹಾಕಿದ. ಅದೇ ಅವನ ಉತ್ತರವೆಂದು ಊರಿಗೆ ತಿಳಿಯಿತು. ಬಂಡೆಯ ಚಕ್ಕೆಯೂ ಕಿಡಿಯೂ ಹಾರುತ್ತಿದ್ದವು. ಸ್ವಲ್ಪ ಹೊತ್ತಿಗೆ ಬೇಲಿ ದಾಟಿ ಸುಬ್ಬಣ್ಣನೂ ಬಂದರು, ಹೆಗಲ ಮೇಲೆ ತಮ್ಮದೊಂದು ಹಾರೆ.

"ನಿಮ್ಮ ಮಂಡಿ?"

"ಮಂಡಿ ಹಾಳಾಗ್ಲಿ, ಸರಿ ಆಚೆಗೆ."

ಇಬ್ಬರೂ ಸೇರಿ ಗುಣಿ ತೋಡಿದರು. ಶುಕ್ರವಾರ ಜಮಾತಿನ ಹಿರಿಯರು ಹಳೆಯ ಗೋರಿಯ ಸುತ್ತ ಬಟ್ಟೆ ಹಿಡಿದು ನಿಂತರು. ಸುಬ್ಬಣ್ಣ ಬೇಲಿಯಾಚೆ ಕಾಫಿ ಗಿಡದ ನಡುವೆ ಕೈಕಟ್ಟಿ ನಿಂತಿದ್ದರು. ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಸಫ್ದರನೇ ಎರಡೂ ತೋಳಲ್ಲಿ ಎತ್ತಿಕೊಂಡು ಏರು ಹತ್ತಿದ. ಭಾರ ಎನ್ನುವಂಥದ್ದೇನೂ ಇರಲಿಲ್ಲ. ಆದರೂ ಒಂದೊಂದೇ ಹೆಜ್ಜೆ ನೋಡಿ ಇಟ್ಟ.

ಮುಂದಿನ ಭಾನುವಾರ ಜಿನುಗು ಮಳೆಯಲ್ಲೇ ಇಬ್ಬರೂ ಟೇಪು ಬಿಚ್ಚಿದರು. ಸಫ್ದರ್ ಅಂಚಿಗೆ ಹೋಗಿ ತುದಿ ಒತ್ತಿ ಕುಳಿತ, ಈ ಸಲ ಹೊಳೆಗೆ ಬೆನ್ನು ಹಾಕಿ, ಕಲ್ಲಿನ ಕಡೆ ಮುಖ ಮಾಡಿ. ಮೇಲೆ, ಬಂಡೆಯ ಪಕ್ಕ, ಹಸಿ ಮಣ್ಣಿನ ಗುಡ್ಡೆ ಕಾಣುತ್ತಿತ್ತು.

ಸುಬ್ಬಣ್ಣ ಬಗ್ಗಿ ಓದಿದರು. ತುಟಿ ಅಲ್ಲಾಡಿತು.

"ಕೇಳಿಸ್ಲಿಲ್ಲ. ಜೋರಾಗಿ ಹೇಳಿ, ಸುಬ್ಬಣ್ಣೋರೆ."

"ಏಳು! ಏಳೇ ಏಳು ಮಾರಾಯ."

"ಏಳು" ಎಂದು ಸಫ್ದರ್ ಬರೆದುಕೊಂಡ.